ಬಚ್ಚಲೊಲೆ, ಊದುಗೊಳವೆ ಮತ್ತು ಟರ್ಬೊ

ನಮ್ಮ ತೋಟ ತಗ್ಗಿನಲ್ಲಿದೆ, ಮನೆ ಮೇಲಿದೆ. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುರಕಲ್ಲು ಗುಡ್ಡೆ ಕಡಿದು ಮಾಡಿದ ದಾರಿ, ನಡುವೆ ಒಂದು ಕಡಿದಾದ ತಿರುವು, ಅಲ್ಲಿಂದ ಮೇಲೆ ಬರೀ ಏರು. ಕಳೆದ ತಿಂಗಳು ಹಿಂದಿನ ಸೀಟು ಮಡಚಿ ಆರು ಚೀಲ ಅಡಿಕೆ ತುಂಬಿಸಿಕೊಂಡು ಬರುತ್ತಿದ್ದೆ. ತಿರುವಿನಲ್ಲಿ ಬ್ರೇಕ್ ಹಿಡಿದು, ತಿರುಗಿಸಿ, ಮತ್ತೆ ಆಕ್ಸಿಲರೇಟರ್ ಒತ್ತಿದೆ. ಏನೂ ಆಗಲಿಲ್ಲ. ಇಂಜಿನ್ ಸುಮ್ನೆ ಗೊಂಯ್ ಅಂದಿತು, ಹಿಂದೆ ಕರಿ ಹೊಗೆ ಎದ್ದಿತು, ಗಾಡಿ ಆಫ್ ಆಯಿತು.

ಪಕ್ಕದಲ್ಲಿ ಭಾವ ಕೂತಿದ್ದ. ನಮ್ಮಲ್ಲಿ ಪರಿಚಯ ಇದ್ದವರೆಲ್ಲ ಭಾವಂದಿರೇ, ಆದರೆ ಇವನು ನಿಜವಾಗಿ ತಂಗಿಯ ಗಂಡ. "ಇದಕ್ಕೆ ದಮ್ಮಿಲ್ಲೆ ಭಾವಾ" ಅಂದ.

ಶಾರ್ಜಾದ ಗ್ಯಾರೇಜಿನಲ್ಲಿ ಆರು ವರ್ಷ ಇಂಜಿನ್ ಬಿಚ್ಚಿ ಕಟ್ಟಿದವನಿಗೆ ಈ ಮಾತು ಹೇಳಬಾರದು. ಹ್ಯಾಂಡ್ ಬ್ರೇಕ್ ಎಳೆದೆ, ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ, ಅಲ್ಲೇ ಪಾಠ ಶುರು ಮಾಡಿದೆ. ಇದು ಗಾಡಿಯ ದೋಷ ಅಲ್ಲ ಮಾರಾಯ, ಟರ್ಬೊ ಲ್ಯಾಗ್, ಎಂದರೆ ಕಾಲಿಟ್ಟ ಮೇಲೆ ಟರ್ಬೊ ಏಳುವವರೆಗಿನ ತಡ.

ಬಚ್ಚಲೊಲೆ ನೆನಪು ಮಾಡಿಕೊ ಅಂದೆ. ಹಂಡೆಯ ಕೆಳಗೆ ಅಡಿಕೆ ಹಾಳೆ, ತೆಂಗಿನ ಸಿಪ್ಪೆ ಇಟ್ಟು ಕಡ್ಡಿ ಗೀರಿದರೆ ಮೊದಲು ಬರುವುದು ಹೊಗೆ ಮಾತ್ರ. ಊದುಗೊಳವೆ ಹಿಡಿದು ಊದಬೇಕು. ಊದಿದ ಕೂಡಲೇ ಕೆಂಡ ಕೆಂಪಾಗುತ್ತದೆ, ಆದರೆ ಉಸಿರು ನಮ್ಮದು. ಬೆಂಕಿ ಒಮ್ಮೆ ಹಿಡಿಯಿತು ಅಂದರೆ ಬಿಸಿ ಗಾಳಿ ಮೇಲೆ ಹೋಗುತ್ತದೆ, ಅದೇ ಹೊಸ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಯಾರೂ ಊದಬೇಕಾಗಿಲ್ಲ.

ಟರ್ಬೊ ಎಂದರೆ ಹೊತ್ತಿಕೊಂಡ ಒಲೆ. ಸೈಲೆನ್ಸರಿಗೆ ಹೋಗುವ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ವ್ಯರ್ಥ ಹೋಗುವುದರಿಂದ ಕೆಲಸ, ಹಾಗಾಗಿ ಲಾಭ ಜಾಸ್ತಿ. ಆದರೆ ಇಂಜಿನ್ ನಿಧಾನ ತಿರುಗುವಾಗ ಹೊಗೆ ಕಡಿಮೆ, ಚಕ್ರ ಏಳುವುದಿಲ್ಲ. ಸೂಪರ್‌ಚಾರ್ಜರ್ ಎಂದರೆ ಊದುಗೊಳವೆ. ಬೆಲ್ಟಿನಲ್ಲಿ ನೇರ ಇಂಜಿನ್ನಿಗೇ ಕಟ್ಟಿರುತ್ತಾರೆ, ಕಾಲಿಟ್ಟ ಕೂಡಲೇ ಗಾಳಿ ಬರುತ್ತದೆ. ಆದರೆ ಅದನ್ನು ತಿರುಗಿಸುವ ಶಕ್ತಿ ಇಂಜಿನ್ನಿನ ಹೊಟ್ಟೆಯಿಂದಲೇ ಹೋಗಬೇಕು. ವೇಗ ಹೆಚ್ಚಿದಷ್ಟೂ ಅದು ತಿನ್ನುವುದೂ ಹೆಚ್ಚು.

ಭಾವ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿದ, "ಹಾಂಗಾರೆ ಎರಡನ್ನೂ ಮಡುಗುಲೆ ಆಗದೋ?"

ಆಗುತ್ತದೆ, ಭಾವ. ಇಟ್ಟಿದ್ದಾರೆ.

ನಾನು ಕೈಯಾರೆ ಮುಟ್ಟಿದ್ದು ಒಂದೇ, ವೋಲ್ವೋ ಎಕ್ಸ್‌ಸಿ90 ಟಿ6. ಅಷ್ಟು ದೊಡ್ಡ ಏಳು ಸೀಟಿನ ಗಾಡಿಗೆ ಎರಡು ಲೀಟರಿನ ನಾಲ್ಕು ಸಿಲಿಂಡರ್. ನಾನು ನಂಬಲಿಲ್ಲ, ಬಾನೆಟ್ ಎತ್ತಿ ಎಣಿಸಿದೆ. ಒಂದು ಬದಿಗೆ ಟರ್ಬೊ, ಎದುರು ಬದಿಗೆ ಬೆಲ್ಟಿನ ಸೂಪರ್‌ಚಾರ್ಜರ್, ನಡುವೆ ಕೈ ಹಾಕಲು ಜಾಗ ಇಲ್ಲದಷ್ಟು ಪೈಪು. 320 ಅಶ್ವಶಕ್ತಿ. ಟೆಸ್ಟಿಗೆ ಹೊರಗೆ ತೆಗೆದಾಗ ಕಾಲಿಟ್ಟರೆ ತಡವೇ ಇಲ್ಲ. ಎಲ್ಲಿ ಒಂದು ಬಿಟ್ಟು ಇನ್ನೊಂದು ಹಿಡಿಯುತ್ತದೆ ಎಂದು ಕಿವಿಗೊಟ್ಟು ಕೇಳಿದೆ. ಸಣ್ಣ ಕೀಂಯ್ ಸದ್ದು ನಿಂತದ್ದು ಬಿಟ್ಟರೆ ಗೊತ್ತೇ ಆಗಲಿಲ್ಲ.

ಹೀಗೆ ಕೈ ಬದಲಾಯಿಸುವುದನ್ನು ಚೆನ್ನಾಗಿ ಕಾಣಬೇಕಾದರೆ 2005ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿ ನೋಡಬೇಕು. ಬರೀ 1.4 ಲೀಟರ್, ಆದರೆ 170 ಅಶ್ವಶಕ್ತಿ, ನಿಮಿಷಕ್ಕೆ 1,750 ಸುತ್ತಿಗೇ 240 ನ್ಯೂಟನ್ ಮೀಟರ್ ಟಾರ್ಕ್, ಎಂದರೆ ತಿರುಗಿಸುವ ಬಲ. ಇಂಜಿನ್ ನಿಧಾನ ಇರುವಾಗ ಸೂಪರ್‌ಚಾರ್ಜರ್ ಊದುತ್ತದೆ. ಅದು ಒತ್ತಿದ ಗಾಳಿಯನ್ನೇ ಟರ್ಬೊ ಮತ್ತೆ ಒತ್ತುತ್ತದೆ. ಇಲ್ಲಿ ಕೂಡಿಸುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ. ಮೊದಲನೆಯದು ಒಂದೂವರೆ ಪಟ್ಟು ಮಾಡಿ ಕೊಟ್ಟದ್ದನ್ನು ಎರಡನೆಯದು ಎರಡು ಪಟ್ಟು ಮಾಡಿದರೆ ಒಟ್ಟು ಮೂರು ಪಟ್ಟು. 3,500 ಸುತ್ತು ದಾಟಿದರೆ ಅಯಸ್ಕಾಂತದ ಕ್ಲಚ್ ಸೂಪರ್‌ಚಾರ್ಜರನ್ನು ಬೆಲ್ಟಿನಿಂದ ಬಿಡಿಸುತ್ತದೆ, ಒಂದು ಮುಚ್ಚಳ ತೆರೆದು ಗಾಳಿ ನೇರ ಟರ್ಬೊಗೆ ಹೋಗುತ್ತದೆ. ಒಲೆ ಹಿಡಿಯಿತು, ಊದುಗೊಳವೆ ಕೆಳಗಿಡು. ಅಷ್ಟೇ.

ಈ ಯೋಚನೆ ಜಗತ್ತಿಗೆಲ್ಲ ಗೊತ್ತಾದದ್ದು ಕಾರುಗಳ ರ‍್ಯಾಲಿಯಲ್ಲಿ. ಗಾಡಿ ಇಟಲಿಯ ಲಾನ್ಸಿಯಾ ಡೆಲ್ಟಾ ಎಸ್4. ಕಾಡಿನ ದಾರಿಯಲ್ಲಿ ಹೆಜ್ಜೆಗೊಂದು ತಿರುವು, ಪ್ರತಿ ತಿರುವಿನ ನಂತರ ನನ್ನ ಗಾಡಿಯ ಹಾಗೆ ಕಾಯುತ್ತಾ ಕೂತರೆ ಸೋತ ಹಾಗೆಯೇ. 1,759 ಸಿಸಿ ಇಂಜಿನ್ನಿಗೆ ಎರಡನ್ನೂ ಜೋಡಿಸಿದರು. 1985ರ ನವೆಂಬರಿನಲ್ಲಿ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿಗೆ ಮೊದಲ ಸಲ ಇಳಿಸಿದಾಗ ಹೆನ್ರಿ ಟೊಯ್ವೊನೆನ್ ಗೆದ್ದ, ಎರಡನೇ ಸ್ಥಾನವೂ ಅದೇ ಗಾಡಿಗೆ. ಮರುವರ್ಷ ಮೇ ತಿಂಗಳಲ್ಲಿ ಕಾರ್ಸಿಕಾದಲ್ಲಿ ಅದೇ ಗಾಡಿಯಲ್ಲಿ ಅವನೂ ಸಹಚಾಲಕ ಸೆರ್ಜಿಯೊ ಕ್ರೆಸ್ಟೊನೂ ಬೆಂಕಿಗೆ ಸಿಕ್ಕಿ ತೀರಿಕೊಂಡರು. ಆ ವರ್ಷಕ್ಕೆ ಗ್ರೂಪ್ ಬಿ ಎಂಬ ಇಂಥ ಭಾರಿ ಶಕ್ತಿಯ ಗಾಡಿಗಳ ಪಂದ್ಯಗಳೇ ಮುಗಿದವು. ಇದನ್ನು ಭಾವನಿಗೆ ಹೇಳಲಿಲ್ಲ, ಏರಿನಲ್ಲಿ ನಿಂತ ಗಾಡಿಯ ಪಕ್ಕ ಹೇಳುವ ಕತೆ ಅಲ್ಲ.

ಅದರ ಬದಲು ನಿಸಾನ್ ಮಾರ್ಚ್ ಸೂಪರ್ ಟರ್ಬೊ ಬಗ್ಗೆ ಹೇಳಿದೆ. ಜಪಾನಿನ ಪುಟ್ಟ ಗಾಡಿ, 930 ಸಿಸಿ, ಎರಡೂ ಇದೆ, 110 ಅಶ್ವಶಕ್ತಿ. ಭಾವನ ಅಪ್ಪನ ಮಾರುತಿ 800ಕ್ಕೆ 40 ಕೂಡ ಇರಲಿಲ್ಲ. ಅದು ಭಾವನಿಗೆ ಹಿಡಿಸಿತು. "ಎನಗೆ ಅದೇ ಬೇಕು" ಅಂದ.

ಬೇಡ ಅಂದೆ. ಎರಡು ಯಂತ್ರ, ಎರಡರ ಖರ್ಚು, ಬೆಲ್ಟು, ಕ್ಲಚ್ಚು, ಮುಚ್ಚಳ, ಒತ್ತಿ ಬಿಸಿಯಾದ ಗಾಳಿಯನ್ನು ತಣಿಸಲು ಇಂಟರ್‌ಕೂಲರ್. ಒಂದು ಕೆಟ್ಟರೆ ಅದನ್ನು ತಲುಪಲು ಉಳಿದದ್ದನ್ನೆಲ್ಲ ಬಿಚ್ಚಬೇಕು. ನನಗೆ ಆ ಬುದ್ಧಿವಂತಿಕೆ ಇಷ್ಟ, ಬದಿಯಡ್ಕದ ಮಳೆಗಾಲದಲ್ಲಿ ಅದನ್ನು ಸಾಕುವ ಧೈರ್ಯ ಇಲ್ಲ. ಈಗ ಅದೇ ತಡ ತುಂಬಲು ಬೇರೆ ದಾರಿಗಳೂ ಬಂದಿವೆ. 2016ರ ಆಡಿ ಎಸ್‌ಕ್ಯು7ರಲ್ಲಿ 48 ವೋಲ್ಟಿನ ಮೋಟರು ಗಾಳಿ ಊದುತ್ತದೆ, ಬೆಲ್ಟೇ ಬೇಡ. ಹೈಬ್ರಿಡ್ ಗಾಡಿಯಲ್ಲಂತೂ ಮೋಟರು ನೇರ ಚಕ್ರವನ್ನೇ ನೂಕುತ್ತದೆ.

ಇಷ್ಟೆಲ್ಲ ಆದಮೇಲೆ ಎರಡು ಚೀಲ ಇಳಿಸಿ, ಫಸ್ಟ್ ಗೇರಿನಲ್ಲಿ ಹೇಗೋ ಮನೆ ಸೇರಿದೆವು.

ಮರುದಿನ ಪೇಟೆಗೆ ಹೋದಾಗ ಸುಮ್ನೆ ಮೆಕ್ಯಾನಿಕ್ ಹತ್ತಿರ ನಿಲ್ಲಿಸಿದೆ. ಅವನು ಬಾನೆಟ್ ಎತ್ತಿ, ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪಿನ ಅಡಿಗೆ ಬೆರಳು ತೂರಿಸಿದ. ಬೆರಳು ಆಚೆ ಬದಿಗೆ ಬಂತು. "ಹೋಸ್ ಪೊಟ್ಟಿ" ಅಂದ ಮಲಯಾಳದಲ್ಲಿ. ಒಡೆದಿದೆ. ಟರ್ಬೊ ಒತ್ತಿದ ಗಾಳಿ ಅರ್ಧ ದಾರಿಯಲ್ಲೇ ಸೋರಿ ಹೋಗುತ್ತಿತ್ತು, ಕರಿ ಹೊಗೆ ಅದಕ್ಕೇ. ಕರಿ ಹೊಗೆ ಕಂಡ ಕೂಡಲೇ ಹೋಸ್ ನೋಡು ಎಂದು ಶಾರ್ಜಾದಲ್ಲಿ ಎಷ್ಟು ಹುಡುಗರಿಗೆ ಹೇಳಿಕೊಟ್ಟಿಲ್ಲ ನಾನು!

ಹೊಸ ಹೋಸ್ ಹಾಕಿಸಿದೆ. ಮೊನ್ನೆ ಏಳು ಚೀಲ ಹೇರಿ ಬಂದೆ. ತಿರುವಿನಲ್ಲಿ ಈಗಲೂ ಒಂದು ಕ್ಷಣ ತಡೆಯುತ್ತದೆ, ಅದು ನಿಜವಾದ ಲ್ಯಾಗ್, ಆಮೇಲೆ ಎಳೆಯುತ್ತದೆ. ಭಾವನಿಗೆ ಹೋಸಿನ ವಿಷಯ ಇನ್ನೂ ಹೇಳಿಲ್ಲ. ಅವನು ಊರಲ್ಲೆಲ್ಲ ಬಚ್ಚಲೊಲೆಯ ಪಾಠ ಹೇಳಿಕೊಂಡು ತಿರುಗುತ್ತಿದ್ದಾನೆ.