ನಾಲ್ಕನೇ ವಾರ: ಚೆಂಡು ನೆಲ ಕಚ್ಚೋದು ಯಾಕೆ ಅಂತ ಗೊತ್ತಾಯ್ತು

ಮಕ್ಕಳಿಗೆ ಲಾಕ್ರಾಸ್ (ತುದಿಯಲ್ಲಿ ಬಲೆ ಇರೋ ಸ್ಟಿಕ್ಕಿನಿಂದ ಚೆಂಡು ಹಿಡಿದು ಎಸೆಯೋ ಆಟ) ಕಲಿಸೋವಾಗ ನಾಲ್ಕು ವಾರದಿಂದ ತಲೆ ತಿಂತಿದ್ದ ಸಮಸ್ಯೆಗೆ ಕಾರಣ ಸಿಕ್ತು. ಕಾರಣ ನಾನೇ.

ಹೆಲ್ಮೆಟ್ ಅಳತೆ, ಕ್ರೇಡಲ್ (ಓಡುವಾಗ ಚೆಂಡು ಬೀಳದ ಹಾಗೆ ಸ್ಟಿಕ್ ತೂಗೋದು) ಪಾಠ, ಮೊದಲ ದಿನದ ಅಳು, ‘ನಾನೇ ಗೋಲಿ’, ಅಂದ್ರೆ ಗೋಲ್ ಕೀಪರ್, ಅಂತ ಹಟ ಹಿಡಿದವನು ಮೊದಲ ಚೆಂಡು ತೊಡೆಗೆ ಬಿದ್ದ ಕೂಡಲೇ ಮನಸ್ಸು ಬದಲಾಯಿಸಿದ್ದು, ಇದೆಲ್ಲ ಬಿಟ್ಟುಬಿಡ್ತೀನಿ. ಮಕ್ಕಳಿಗೆ ಲಾಕ್ರಾಸ್ ಕಲಿಸೋಕೆ ಹೋದವರೆಲ್ಲ ಅನುಭವಿಸಿರ್ತೀರಿ. ನನ್ನ ಹತ್ರ ಇರೋದು 12 ವರ್ಷದೊಳಗಿನ 14 ಹುಡುಗರು. ಗ್ರೌಂಡ್ ಬಾಲ್ (ನೆಲಕ್ಕೆ ಬಿದ್ದ ಚೆಂಡು) ಅಂದ್ರೆ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತುತ್ತಾರೆ, ಆದ್ರೂ ಹೇಗೋ ಎತ್ತುತ್ತಾರೆ. ಎತ್ತಿದ ಮೇಲೆ ಶುರು ಗೋಳು. ಪಾಸ್ ಕೊಡು ಅಂದ್ರೆ ಚೆಂಡು ಕಾಲಿನಿಂದ ನಾಲ್ಕು ಹೆಜ್ಜೆ ಮುಂದೆ ನೆಲಕ್ಕೆ. ಒಬ್ಬಿಬ್ಬರದ್ದಾದ್ರೆ ಸರಿ, ಅಷ್ಟೂ ಜನರದ್ದೂ ಹಾಗೇ.

ಕಾಲೇಜು ತಂಡದಲ್ಲಿ ಮೂರು ವರ್ಷದಿಂದ ಮಿಡ್‌ಫೀಲ್ಡ್ ಆಡ್ತಿರೋ ನನಗೆ ಉತ್ತರ ಗೊತ್ತೇ ಇತ್ತಲ್ಲ! ಮೊಣಕೈ ಮೈಗೆ ಅಂಟಿದೆ, ಎಸೆಯೋ ಬದಲು ತಳ್ತಿದ್ದಾರೆ. ಮೊದಲ ವಾರ ಪೂರ್ತಿ ಮೊಣಕೈ. ಎರಡನೇ ವಾರ ಪಾದ, ಸೊಂಟ. ಮೂರನೇ ವಾರ ವಾಲ್ ಬಾಲ್, ಅಂದ್ರೆ ಗೋಡೆಗೆ ಎಸೆದು ಹಿಡಿಯೋದು: ಬಲಗೈಲಿ 50, ಎಡಗೈಲಿ 50. ಗೋಡೆಗೆ ಬಡಿದ ಚೆಂಡಿಗಿಂತ ಗೋಡೆ ಬುಡದ ಹುಲ್ಲಿಗೆ ಬಡಿದದ್ದೇ ಜಾಸ್ತಿ. ರಾತ್ರಿ ಕನಸಲ್ಲೂ ‘ಮೊಣಕೈ ಮೇಲೆ! ಮೊಣಕೈ ಮೇಲೆ!’ ಅಂತ ಕೂಗ್ತಿದ್ದೆನಂತೆ, ರೂಮ್‌ಮೇಟ್ ದೂರು.

ಮೊನ್ನೆ ತಂಡದಲ್ಲೇ ಚಿಕ್ಕವನು ಬಂದು ಸ್ಟಿಕ್ ಮುಂದೆ ಹಿಡಿದ. “ಅಣ್ಣಾ, ಒಂದ್ಸಲ ಇದ್ರಲ್ಲೇ ಎಸೆದು ತೋರ್ಸಿ.”

ತೋರಿಸಿದೆ. ಚೆಂಡು ಅರ್ಧ ದಾರಿಲೇ ನೆಲ ಕಚ್ತು.

ಒಂದು ಕ್ಷಣ ಎಲ್ಲರೂ ಗಪ್‌ಚಿಪ್. ಆಮೇಲೆ ಹಿಂದಿನಿಂದ ಯಾರೋ: “ಅಣ್ಣಾ, ಮೊಣಕೈ ಮೇಲೆ.”

ಅವತ್ತು ಸಂಜೆ 14 ಸ್ಟಿಕ್ಕೂ ರೂಮಿಗೆ ಹೊತ್ತು ತಂದೆ. ನೆನಪಾಯ್ತು ನೋಡಿ. ಮೊದಲ ಅಭ್ಯಾಸದ ಹಿಂದಿನ ರಾತ್ರಿ ಉಪಕಾರ ಮಾಡ್ತೀನಿ ಅಂತ ನಾನೇ ಕೂತು ಎಲ್ಲದರ ಬಲೆಯನ್ನೂ ‘ಸರಿ’ ಮಾಡಿದ್ದೆ. ಫ್ಯಾಕ್ಟರಿಯಿಂದ ಬಂದಾಗ ಪಾಕೆಟ್ (ಚೆಂಡು ಕೂರೋ ಬಲೆಯ ಗುಂಡಿ) ಚಾಪೆ ಥರ ಚಪ್ಪಟೆ ಇರುತ್ತಲ್ಲ, ಅದಕ್ಕೆ ಬಲೆಯ ಬುಡ ಕಟ್ಟೋ ಬಾಟಮ್ ಸ್ಟ್ರಿಂಗ್ ಸಡಿಲ ಬಿಟ್ಟು ಆಳ ಮಾಡಿದೆ, ಬಲೆಯ ಮೇಲ್ತುದಿ ಹತ್ರ ಅಡ್ಡ ಹೋಗೋ ಮೂರು ಶೂಟಿಂಗ್ ಸ್ಟ್ರಿಂಗ್ ತಂತಿ ಥರ ಬಿಗಿದೆ. ನನ್ನ ಸ್ಟಿಕ್ಕಿನ ಹಾಗೇ, ಸ್ವಲ್ಪ ಜಾಸ್ತಿನೇ.

ನನ್ನ ಸ್ಟಿಕ್ಕಿನಲ್ಲಿ ವಿಪ್ ಜಾಸ್ತಿ. ಅಂದ್ರೆ ಆಳದ ಪಾಕೆಟ್‌ನಿಂದ ಹೊರಟ ಚೆಂಡು ಬಿಗಿ ದಾರಕ್ಕೆ ತಡೆದು, ತಡವಾಗಿ, ಕೆಳಮುಖವಾಗಿ ಬಿಡುತ್ತೆ. ಎಷ್ಟೋ ವರ್ಷದಿಂದ ಅದಕ್ಕೇ ಒಗ್ಗಿರೋ ನನ್ನ ಕೈ ಬೇಗ ಬಿಟ್ಟು ಲೆಕ್ಕ ಸರಿ ಮಾಡ್ಕೊಳ್ಳುತ್ತೆ, ನನಗೆ ಅದರ ಅರಿವೂ ಇರಲ್ಲ. ಮಗುವಿನ ಕೈಗೆ ಆ ವೇಗವೂ ಇಲ್ಲ, ಆ ಅಭ್ಯಾಸವೂ ಇಲ್ಲ. ಸುಮಾರು 145 ಗ್ರಾಂ ತೂಕದ ರಬ್ಬರ್ ಉಂಡೆ ದಾರಕ್ಕೆ ಸಿಕ್ಕಿ ತೂಗಾಡಿ, ಸ್ಟಿಕ್ಕಿನ ತಲೆ (ಬಲೆ ಕಟ್ಟಿದ ಚೌಕಟ್ಟು) ಪೂರ್ತಿ ಮುಂದಕ್ಕೆ ಬಾಗಿದ ಮೇಲೆ ಉದುರುತ್ತೆ. ನೆಲಕ್ಕಲ್ಲದೆ ಇನ್ನೆಲ್ಲಿಗೆ ಹೋಗಬೇಕು ಪಾಪ! ಸ್ಟಿಕ್ ಅಡ್ಡ ಹಿಡಿದು ನಿಧಾನಕ್ಕೆ ಅದರ ತಲೆ ಬಗ್ಗಿಸಿ ನೋಡಿದೆ. ಚೆಂಡು ಉರುಳಿ ಬಂದು ಮೊದಲ ದಾರದ ಹತ್ರ ಟಕ್ ಅಂತ ನಿಲ್ತು. ಎರಡು ಸೆಕೆಂಡಿನ ಪರೀಕ್ಷೆ. ಇದನ್ನು ಮಾಡದೆ ಮೂರು ವಾರ ಮಕ್ಕಳ ಮೊಣಕೈ ತಿದ್ದಿದೆ.

ಬಲೆಯನ್ನೇ ಬದಲಾಯಿಸಿಬಿಡೋಣ ಅಂದ್ರೆ ಅಂಗಡಿಯವರ ಕಥೆ ಕೇಳಿ. ಎರಡು ಬಲೆ ಹರಿದಿದ್ವು ಅಂತ ಎರಡನೇ ವಾರವೇ 10 ಡೈಮಂಡ್ (ಅಗಲಕ್ಕೆ 10 ಕಣ್ಣು ಇರೋ) ಸಾಫ್ಟ್ ಮೆಶ್, ಅಂದ್ರೆ ಹೆಣೆದ ಬಲೆ, ಆರು ತುಂಡು ಕೇಳಿದ್ದೆ. ಬಂದದ್ದು 12 ಡೈಮಂಡ್, ಗೋಲಿಯ ಅಗಲ ಸ್ಟಿಕ್ಕಿಗೆ ಹಾಕೋ ಮೆಶ್. ಫೋನ್ ಮಾಡಿದ್ರೆ “ಎರಡೂ ಬಲೆನೇ ಅಲ್ವಾ ಸರ್” ಅಂತಾರೆ. ಜೊತೆಗೆ ಕಳಿಸಿದ ‘ಹೊಸ’ ಚೆಂಡುಗಳು ಎಣ್ಣೆ ಸ್ನಾನ ಮಾಡಿ ಬಂದ ಹಾಗೆ ಜಾರ್ತಿವೆ. ದಾರದ ತುದಿ ಸುಟ್ಟಿಲ್ಲ, ಮುಟ್ಟಿದ್ರೆ ಎಳೆ ಎಳೆ. ಸರಿ, ಹರಿದ ಎರಡಕ್ಕೆ ನನ್ನ ಎರಡು ಹಳೇ ಸ್ಟಿಕ್ಕಿನ ಮೆಶ್ ಬಿಚ್ಚಿ ಹಾಕಿದೆ, ಉಳಿದ 12ಕ್ಕೆ ರಿಪೇರಿ.

ಶೂಟಿಂಗ್ ಸ್ಟ್ರಿಂಗ್ ಮೂರರಿಂದ ಎರಡಕ್ಕಿಳಿಸಿದೆ. ಅವನ್ನೂ ನೆಟ್ಟಗೆ ಎಳೆಯದೆ, ಚೆಂಡಿನ ದುಂಡಿಗೆ ಒಗ್ಗುವಷ್ಟು ಬಾಗು ಬಿಟ್ಟು ಕಟ್ಟಿದೆ. ಬಾಟಮ್ ಸ್ಟ್ರಿಂಗ್ ಎಳೆದು ಆಳ ಕಮ್ಮಿ ಮಾಡಿದೆ. ಎರಡು ರಾತ್ರಿ ಹಿಡೀತು, ಯಾಕಂದ್ರೆ ನನ್ನ ಗಂಟು ನನಗೇ ಬಿಚ್ಚೋಕೆ ಬರ್ಲಿಲ್ಲ. ಒಂದರಲ್ಲಿ ನಿದ್ದೆಗಣ್ಣಲ್ಲಿ ಬಲೆಯ ಪಕ್ಕವನ್ನು ಹಿಡಿದಿಡೋ ಸೈಡ್‌ವಾಲ್ ದಾರವನ್ನೇ ಕತ್ತರಿಸಿದೆ, ಅದರ ಮಾತು ಬೇಡ.

ಹೀಗೆ ಪ್ಲಾಸ್ಟಿಕ್ ತಲೆಗಳ ಜೊತೆ ಗುದ್ದಾಡೋವಾಗಲೇ ಮುಂದಿನ ಹುಚ್ಚು ಹತ್ತಿದ್ದು: ಮರದ ಸ್ಟಿಕ್. ಈ ಆಟ ಹುಟ್ಟಿಸಿದ, ಉತ್ತರ ಅಮೆರಿಕದ ಮೂಲನಿವಾಸಿ ಹೋಡೆನೊಶೋನಿ ಜನ ಹಿಕರಿ ಮರವನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸಿ ಮಾಡ್ತಾರೆ, ಇವತ್ತಿಗೂ. ಪ್ಲಾಸ್ಟಿಕ್ ತಲೆ ಮಾರುಕಟ್ಟೆಗೆ ಬಂದದ್ದೇ 1970ರ ಹೊತ್ತಿಗೆ. ಹಬೆ ಪೆಟ್ಟಿಗೆಗೆ ಒಂದು ದಪ್ಪ ಪೈಪು, ಒಂದು ನೀರು ಕಾಯಿಸೋ ಕೆಟಲ್ ಸಾಕು. ಮರ ಒಂದು ಇಂಚು ದಪ್ಪ ಇದ್ರೆ ಒಂದು ಗಂಟೆ ಹಬೆ ಅನ್ನೋದು ಬಡಗಿಗಳ ಅಂದಾಜು. ಕೆಟಲ್ ರೂಮ್‌ಮೇಟ್‌ದು. ಅವನಿಗಿನ್ನೂ ಹೇಳಿಲ್ಲ.

ಶನಿವಾರ ಹೊಸ ಬಲೆಗಳ ಮೊದಲ ಪರೀಕ್ಷೆ. ಮೊದಲ ಪಾಸು ಎದುರಿಗಿದ್ದವನ ತಲೆ ಮೇಲಿಂದ ಹಾರಿ ಮರಕ್ಕೆ. ಎರಡನೆಯದೂ ಮರಕ್ಕೆ. ಮೂರನೆಯದು ಬೇಲಿ ಆಚೆ. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಆಗಿದ್ದೇನು ಗೊತ್ತಾ? ಚೆಂಡು ನೆಲಕ್ಕೆ ಹೋಗ್ಬಾರ್ದು ಅಂತ ಮೂರು ವಾರದಲ್ಲಿ ಮಕ್ಕಳು ತಾವಾಗಿಯೇ ಹಿಂದಕ್ಕೆ ವಾಲಿ ಆಕಾಶಕ್ಕೆ ಗುರಿ ಇಡೋದು ಕಲಿತುಬಿಟ್ಟಿದ್ರು. ಕೆಟ್ಟ ಸ್ಟಿಕ್ಕಿಗೆ ತಕ್ಕ ಎಸೆತ. ನಾನು ಕಲಿಸಿದ್ದು ಒಂದೂ ಹತ್ತಿಲ್ಲ, ನಾನು ಕಲಿಸದೆ ಇದ್ದದ್ದು ಪಕ್ಕಾ ಆಗಿದೆ. ಈಗ ಅದನ್ನು ಮರೆಸಬೇಕು. ಇಬ್ಬಿಬ್ಬರನ್ನು ಐದೇ ಹೆಜ್ಜೆ ದೂರದಲ್ಲಿ ನಿಲ್ಲಿಸಿ, ಎದುರಿನವನ ಸ್ಟಿಕ್ ತಲೆಗೇ ಗುರಿ ಇಡಿ ಅಂದೆ. ಮೊಣಕೈ ಅನ್ನೋ ಪದ ಬಾಯಿಗೆ ಬರದ ಹಾಗೆ ನೋಡ್ಕೊಂಡೆ. ನೆಲಕ್ಕೆ ಬೀಳದೆ ಸತತ ಪಾಸ್‌ಗಳ ದಾಖಲೆ ಹೋದ ವಾರ 2 ಇತ್ತು. ಶನಿವಾರ ಮುಗಿಯೋ ಹೊತ್ತಿಗೆ 7.

ಮುಂದಿನ ವಾರ ಸಿಕ್ಸಸ್ (ಲಾಕ್ರಾಸ್‌ನ ಚಿಕ್ಕ ರೂಪ) ಆಡಿಸೋ ಯೋಚನೆ ಇದೆ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಇರೋದು ಅದೇ. ತಂಡಕ್ಕೆ ಆರು, ಹೊರಗೆ ಕೂರೋರು ಇಬ್ಬರೇ. 30 ಸೆಕೆಂಡಿನ ಶಾಟ್ ಕ್ಲಾಕ್ (ಅಷ್ಟರೊಳಗೆ ಗೋಲಿನತ್ತ ಎಸೆಯಬೇಕು ಅನ್ನೋ ಗಡುವು) ಮಾತ್ರ ಸದ್ಯಕ್ಕಿಲ್ಲ. ನಮ್ಮವರಿಗೆ ಚೆಂಡು ಯಾರ ಹತ್ರ ಇದೆ ಅಂತ ಗೊತ್ತಾಗೋಕೇ ಅಷ್ಟು ಹೊತ್ತು ಬೇಕು.

ಹೊರಡೋವಾಗ ಆ ಮೊದಲ ದಿನದ ಗೋಲಿ ಮೆಲ್ಲಗೆ ಪಕ್ಕಕ್ಕೆ ಬಂದ. “ಅಣ್ಣಾ, ಇನ್ನೊಂದ್ಸಲ ಗೋಲಿ ನಿಲ್ಲಲಾ?” 12 ಡೈಮಂಡ್ ಮೆಶ್ ಬ್ಯಾಗಲ್ಲೇ ಬಿದ್ದಿತ್ತು, ಆರು ತುಂಡು. ಇವತ್ತು ರಾತ್ರಿ ಒಂದನ್ನು ಹೆಣೀತೀನಿ, ಅವನನ್ನು ಪಕ್ಕದಲ್ಲೇ ಕೂರಿಸ್ಕೊಂಡು.