ಮಲಪ್ರಭೆಯ ಗುಂಟ: ಧಾರವಾಡದಿಂದ ಕೂಡಲಸಂಗಮದವರೆಗೆ

ಗಾಂಧಿ ಜಯಂತಿ ಈ ಸಲ ಶುಕ್ರವಾರ ಬಂದಿತ್ತು. ಶನಿವಾರವೂ ತರಗತಿಗಳಿರಲಿಲ್ಲವಾದ್ದರಿಂದ ಭಾನುವಾರದವರೆಗೆ ಸಾಲು ರಜೆ ಸಿಕ್ಕಿತು. ಧಾರವಾಡದಲ್ಲಿ ಓದುವವರಿಗೆ ಇಂಥ ರಜೆ ಬಂದಾಗ ಮೊದಲು ನೆನಪಾಗುವುದು ಗೋವೆ, ಅದು ಬಿಟ್ಟರೆ ದಾಂಡೇಲಿ. ನಮ್ಮ ಗುಂಪಿನಲ್ಲಿಯೂ ಆ ಹೆಸರುಗಳೇ ಮೊದಲು ಕೇಳಿಬಂದವು. ಆದರೆ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ, ನರಗುಂದ ತಾಲ್ಲೂಕಿನ ರೈತ ಕುಟುಂಬದ ಗೆಳೆಯ ಬೇರೊಂದು ಸೂಚನೆ ಮುಂದಿಟ್ಟ: ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಶಾಲಾ ಪ್ರವಾಸದಲ್ಲಿ ಎಲ್ಲರೂ ನೋಡಿದ್ದೇವೆ, ಆದರೆ ಮೂರು ಬೇರೆ ಬೇರೆ ಊರುಗಳೆಂದು ನೋಡಿದ್ದೇವೆ, ಈ ಸಲ ಅವನ್ನು ಮಲಪ್ರಭೆಯ ಒಂದೇ ಕಣಿವೆಯೆಂದು ನೋಡೋಣ, ನದಿ ಹರಿಯುವ ದಿಕ್ಕಿನಲ್ಲೇ ಸಾಗಿ ಅದು ಕೃಷ್ಣೆಯನ್ನು ಸೇರುವಲ್ಲಿಗೆ ನಿಲ್ಲೋಣ ಎಂದ. ಇತಿಹಾಸ ಓದುವ ಗೆಳತಿ ತಕ್ಷಣ ಒಪ್ಪಿದಳು, ಭೂವಿಜ್ಞಾನದ ಗೆಳೆಯ ತನ್ನ ಅಣ್ಣನ ಕಾರು ತರುವುದಾಗಿ ಹೇಳಿದ, ಕನ್ನಡ ಎಂ.ಎ. ವಿದ್ಯಾರ್ಥಿಯಾದ ನನಗೆ ಶಾಸನಗಳನ್ನು ಅವು ಇರುವಲ್ಲೇ ಓದುವ ಆಸೆ ಬಹಳ ದಿನಗಳಿಂದ ಇತ್ತು.

ಬೆಳಕು ಹರಿಯುವ ಮೊದಲೇ ಹೊರಟು ಹುಬ್ಬಳ್ಳಿ ದಾಟಿ ನವಲಗುಂದದ ರಸ್ತೆ ಹಿಡಿದೆವು. ಇಲ್ಲಿಂದ ಮುಂದೆ ಎತ್ತ ನೋಡಿದರೂ ಎರೆಭೂಮಿ. ಹತ್ತಿ ಅರಳುತ್ತಿತ್ತು, ಮುಂಗಾರಿನ ಬೆಳೆ ತೆಗೆದ ಹೊಲಗಳು ಹಿಂಗಾರಿ ಜೋಳ ಮತ್ತು ಕಡಲೆಯ ಬಿತ್ತಿಗೆಗಾಗಿ ಹರಗಿಸಿಕೊಂಡು ಸಿದ್ಧವಾಗಿದ್ದವು. ಈ ಬಯಲಿನಲ್ಲಿ ನದಿ ಕಾಣುವುದಿಲ್ಲ, ಆದರೆ ಅದರ ನೀರು ಇದೆ: ಸವದತ್ತಿಯ ಸಮೀಪ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟಿನಿಂದ ಹೊರಟ ಬಲದಂಡೆ ಕಾಲುವೆ ಈ ತಾಲ್ಲೂಕುಗಳ ಹೊಲಗಳಿಗೆ ಹರಿಯುತ್ತದೆ. ನವಲಗುಂದ ಸಮೀಪಿಸಿದಾಗ ನರಗುಂದದ ಗೆಳೆಯ ತನ್ನ ಅಜ್ಜನಿಂದ ಕೇಳಿದ ಕಥೆಯನ್ನು ಹೇಳಿದ. ಕಾಲುವೆಯ ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರ ಕಟ್ಟಬೇಕೆಂದು ಸರ್ಕಾರ ಒತ್ತಾಯಿಸಿದಾಗ ರೈತರು ಬಂಡೆದ್ದರು, 1980ರ ಜುಲೈ 21ರಂದು ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಆ ದಿನವನ್ನು ಇಂದಿಗೂ ಈ ಭಾಗದಲ್ಲಿ ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ. 2015ರಲ್ಲಿ ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ಹೋರಾಟ ಎದ್ದಾಗಲೂ ಇದೇ ನರಗುಂದ, ನವಲಗುಂದಗಳು ಅದರ ಕೇಂದ್ರವಾದವು. ಚಾಲುಕ್ಯರ ನದಿಯೆಂದು ಪಾಠಪುಸ್ತಕದಲ್ಲಿ ಓದಿದ ಮಲಪ್ರಭೆ ನನ್ನ ಗೆಳೆಯನ ಮನೆಯಲ್ಲಿ ದಿನದಿನದ ಚಿಂತೆಯ ಮಾತು ಎಂಬುದು ಆ ಪ್ರಯಾಣದಲ್ಲಿ ನನಗೆ ಮನವರಿಕೆಯಾದ ಮೊದಲ ಸಂಗತಿ.

ನರಗುಂದದ ಗುಡ್ಡವನ್ನು ಹಿಂದೆ ಹಾಕಿ ಮುಂದೆ ಹೋದರೆ ಕೊಣ್ಣೂರಿನ ಬಳಿ ಹೆದ್ದಾರಿ ನದಿಯನ್ನು ದಾಟುತ್ತದೆ. ಸೇತುವೆಯ ಆಚೆ ಕಾರು ನಿಲ್ಲಿಸಿ ಇಳಿದು ನೋಡಿದಾಗ ಕೆಳಗೆ ಹರಿಯುತ್ತಿದ್ದುದು ಸಾಧಾರಣ ಗಾತ್ರದ, ಕೆಂಪು ಮಿಶ್ರಿತ ನೀರಿನ ಹೊಳೆ. 2019ರ ಆಗಸ್ಟಿನಲ್ಲಿ ಇದೇ ಹೊಳೆ ಊರಿಗೆ ನುಗ್ಗಿ ಹೆದ್ದಾರಿಯ ಸಂಚಾರವನ್ನೇ ನಿಲ್ಲಿಸಿತ್ತು.

ಕುಳಗೇರಿ ಕ್ರಾಸಿನಲ್ಲಿ ಬಲಕ್ಕೆ ತಿರುಗಿ ಬಾದಾಮಿ ಸೇರುವಷ್ಟರಲ್ಲಿ ರಜೆಯ ಜನಸಂದಣಿ ನಮಗಿಂತ ಮೊದಲೇ ಬಂದಾಗಿತ್ತು. ಗುಹೆಗಳ ಕೆಳಗಿನ ನಿಲುಗಡೆ ಜಾಗ ಕಾರು, ಟೆಂಪೊ, ಪ್ರವಾಸದ ಬಸ್ಸುಗಳಿಂದ ತುಂಬಿತ್ತು. ಮೆಟ್ಟಿಲುಗಳ ಮೇಲೆ ಮಕ್ಕಳ ಸಾಲು, ಅವರ ಕೈಯ ತಿಂಡಿ ಪೊಟ್ಟಣಗಳ ಮೇಲೆ ಕಣ್ಣಿಟ್ಟ ಕೋತಿಗಳ ಗುಂಪು. ಮೊದಲನೆಯ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ಜನ ಸರದಿ ಹಚ್ಚಿದ್ದರು. ಆ ಗದ್ದಲದ ನಡುವೆ ಭೂವಿಜ್ಞಾನದ ಗೆಳೆಯ ನಮ್ಮನ್ನು ಶಿಲ್ಪಗಳಿಂದ ಸ್ವಲ್ಪ ದೂರ ಕರೆದು ಬಂಡೆಯ ಗೋಡೆಯನ್ನೇ ತೋರಿಸಿದ. ಕೆಂಪು ಮರಳುಗಲ್ಲಿನಲ್ಲಿ ಮಟ್ಟಸವಾದ ಪದರಗಳ ನಡುವೆ ಓರೆಯಾದ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಹರಿಯುವ ನೀರು ಮರಳನ್ನು ತಂದು ಸುರಿಯುವಾಗ ಬೀಳುವ ಗೆರೆಗಳಿವು, ನೆಲದ ಮೇಲೆ ಗಿಡಮರಗಳು ಹುಟ್ಟುವುದಕ್ಕೂ ಬಹಳ ಮೊದಲು ಇಲ್ಲಿ ನೀರು ಹರಿದಿತ್ತು ಎಂದು ಆತ ವಿವರಿಸಿದ. ಪದರಗಳು ಮಟ್ಟಸವಾಗಿ ಬಿಚ್ಚಿಕೊಳ್ಳುವುದರಿಂದ ಇಂಥ ಕಲ್ಲಿನಲ್ಲಿ ಚಪ್ಪಟೆಯಾದ ಛಾವಣಿಯನ್ನು ಕೊರೆದು ತೆಗೆಯುವುದು ಅನುಕೂಲ. ಶಿಲ್ಪಿಗಳ ಕೌಶಲವನ್ನು ಹೊಗಳುವಾಗ ಅವರು ಆರಿಸಿಕೊಂಡ ಕಲ್ಲನ್ನೂ ನೆನೆಯಬೇಕೆಂದು ನನಗೆ ಅನ್ನಿಸಿತು.

ಮೂರನೆಯ ಗುಹೆಯಲ್ಲಿ ನಾವು ಹೆಚ್ಚು ಹೊತ್ತು ಕಳೆದೆವು. ಅನಂತನ ಮೇಲೆ ಕುಳಿತ ವಿಷ್ಣು, ಕಾಲು ಚಾಚಿದ ತ್ರಿವಿಕ್ರಮ, ಕಂಬಗಳ ಮೇಲ್ಭಾಗದಲ್ಲಿ ಆತುಕೊಂಡಿರುವ ದಂಪತಿಗಳು, ಇವೆಲ್ಲ ಸರಿಯೇ. ಈ ಗುಹೆಯ ಇನ್ನೊಂದು ಹಿರಿಮೆ, ಅದು ತನ್ನ ಕಾಲವನ್ನು ತಾನೇ ಹೇಳುತ್ತದೆ. ಶಕವರ್ಷ 500, ಅಂದರೆ ಕ್ರಿ.ಶ. 578ರಲ್ಲಿ ಚಾಲುಕ್ಯ ಮನೆತನದ ಮಂಗಲೇಶ ಇದನ್ನು ಮಾಡಿಸಿದನೆಂದು ಇಲ್ಲಿರುವ ಸಂಸ್ಕೃತ ಶಾಸನ ತಿಳಿಸುತ್ತದೆ. ಅದಲ್ಲದೆ ಮಂಗಲೇಶನದೇ ಒಂದು ಪುಟ್ಟ ಕನ್ನಡ ಶಾಸನವೂ ಇಲ್ಲಿದೆ: ಈ ಗುಡಿಗೆ ಲಂಜಿಗೇಸರ ಎಂಬ ಊರನ್ನು ದತ್ತಿ ಬಿಟ್ಟದ್ದರ ದಾಖಲೆ ಅದು. ಆ ಊರು ಬಾದಾಮಿಯ ಹತ್ತಿರದ ಇಂದಿನ ನಂದಿಕೇಶ್ವರವೆಂದು ಗುರುತಿಸಿದ್ದಾರೆ.

ಮಧ್ಯಾಹ್ನದ ಊಟಕ್ಕೆ ಬನಶಂಕರಿಗೆ ಹೋದೆವು. ಗುಡಿಯ ಎದುರು ಬುಟ್ಟಿ ಹೊತ್ತು ಬರುವ ಅವ್ವಂದಿರ ಕೈಯ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಮುಂದೆ ಪಟ್ಟಣದ ಹೋಟೆಲುಗಳ ಸರದಿಯಲ್ಲಿ ಕಾಯುವುದು ವ್ಯರ್ಥ.

ಬಿಸಿಲು ಇಳಿದ ಮೇಲೆ ಅಗಸ್ತ್ಯ ತೀರ್ಥದ ದಂಡೆ ಹಿಡಿದು ತಟ್ಟುಕೋಟೆಯ ಕಡೆಗೆ ನಡೆದೆವು. ಭೂತನಾಥ ಗುಡಿಯವರೆಗೆ ಜನರಿದ್ದರು, ಅಲ್ಲಿಂದ ಆಚೆ ಯಾರೂ ಇರಲಿಲ್ಲ. ನಾನು ಈ ಪ್ರವಾಸಕ್ಕೆ ಒಪ್ಪಿದ್ದೇ ಬಹುಮಟ್ಟಿಗೆ ಅಲ್ಲಿನ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನಕ್ಕಾಗಿ. ಸುಮಾರು ಕ್ರಿ.ಶ. 700ರ ಕಾಲದ್ದೆಂದು ವಿದ್ವಾಂಸರು ಹೇಳುವ ಈ ಶಾಸನದಲ್ಲಿ ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿಗಳಿವೆ. ರಾಜನ ದಂಡಯಾತ್ರೆಯಾಗಲಿ ದಾನವಾಗಲಿ ಇದರ ವಿಷಯವಲ್ಲ; ಒಬ್ಬ ಮನುಷ್ಯನ ಸ್ವಭಾವವಷ್ಟೇ ಇದರ ವಿಷಯ. ಹಳೆಯ ಲಿಪಿಯನ್ನು ಗೆಳತಿ ಒಂದೊಂದಾಗಿ ಗುರುತಿಸುತ್ತ ಹೋದಂತೆ ನಾನು ತರಗತಿಯಲ್ಲಿ ಬಾಯಿಪಾಠ ಮಾಡಿದ್ದ ಸಾಲುಗಳನ್ನು ಗಟ್ಟಿಯಾಗಿ ಹೇಳಿದೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಸಾಧುವಿಗೆ ಸಾಧು, ಮಧುರನಿಗೆ ಮಧುರ, ಕಾಡುವವನಿಗೆ ಕಲಿಯುಗವನ್ನೇ ಮೀರಿದವನು, ಇವನು ಮಾಧವನೇ, ಬೇರೆಯವನಲ್ಲ ಎಂಬುದು ಇದರ ಭಾವ. ಬೀಸುವ ಪದ ಕೇಳಿ ಬೆಳೆದ ನರಗುಂದದ ಗೆಳೆಯನಿಗೆ ಅರ್ಥ ಬಿಡಿಸಿ ಹೇಳಬೇಕಾಯಿತೇ ಹೊರತು ಲಯವನ್ನು ಹೇಳಿಕೊಡಬೇಕಾಗಲಿಲ್ಲ. ಎರಡನೆಯ ಸಲಕ್ಕೆ ಆತನೇ ಅದನ್ನು ತಮ್ಮ ಮನೆಯ ಧಾಟಿಯಲ್ಲಿ ಹಾಡಿದ. ಬಂಡೆಯ ಮೇಲಿನ ಪದ್ಯ ಮತ್ತು ಬೀಸುವ ಕಲ್ಲಿನ ಪದ ಒಂದೇ ಮಟ್ಟಿನವು ಎಂಬುದನ್ನು ಪುಸ್ತಕದಲ್ಲಿ ಓದಿದ್ದ ನಾನು ಅದನ್ನು ಕಿವಿಯಾರೆ ಕೇಳಿದ್ದು ಅಂದೇ. ಬಾದಾಮಿಗೆ ಬರುವ ಕನ್ನಡಿಗರಲ್ಲಿ ಹೆಚ್ಚಿನವರು ಈ ಶಾಸನವನ್ನು ನೋಡದೆ ಮರಳುತ್ತಾರೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಊರಿನ ವಸತಿಗೃಹಗಳಲ್ಲಿ ಎಲ್ಲಿಯೂ ಕೋಣೆ ಉಳಿದಿರಲಿಲ್ಲ. ಗೆಳತಿಯ ಸಂಬಂಧಿಕರು ಗುಳೇದಗುಡ್ಡದಲ್ಲಿದ್ದುದರಿಂದ ರಾತ್ರಿಯ ಚಿಂತೆ ನಮಗಿರಲಿಲ್ಲ. ಖಣ ನೇಯುವ ಮನೆತನ ಅವರದು. ಇಳಕಲ್ ಸೀರೆಗೆ ಜೋಡಿಯಾಗುವ ಕುಪ್ಪಸದ ಈ ಬಟ್ಟೆಯಲ್ಲಿ ಸಣ್ಣ ಸಣ್ಣ ಚಿತ್ತಾರಗಳನ್ನು ಎಳೆಯೆಳೆಯಾಗಿ ಮೂಡಿಸುವ ಬಗೆಯನ್ನು ಮನೆಯ ಹಿರಿಯರು ಮಗ್ಗದ ಮುಂದೆ ಕೂರಿಸಿಕೊಂಡು ತೋರಿಸಿದರು. ರಜೆಯ ಸಂತೆಯಂಥ ದಿನದ ಕೊನೆಗೆ ಆ ಮನೆಯ ಅಂಗಳದಲ್ಲಿ ಉಂಡ ಊಟ, ಹಾಸಿಕೊಟ್ಟ ಜಮಖಾನೆ, ಕೇಳದೆಯೇ ತುಂಬಿಟ್ಟ ನೀರಿನ ಬಾಟಲಿಗಳಿಗೆ ನಾವೆಲ್ಲ ಋಣಿಗಳು.

ಮರುದಿನ ಪಟ್ಟದಕಲ್ಲಿನ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿದ್ದೆವು. ಬೆಳಗಿನ ಎಳೆಬಿಸಿಲಿನಲ್ಲಿ ಮರಳುಗಲ್ಲು ಕೆಂಪೂ ಅಲ್ಲದ ಹಳದಿಯೂ ಅಲ್ಲದ ಬಣ್ಣಕ್ಕೆ ತಿರುಗುತ್ತದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಆವರಣದಲ್ಲಿ ಉತ್ತರದ ನಾಗರ ಶೈಲಿಯ ಶಿಖರಗಳೂ ದಕ್ಷಿಣದ ದ್ರಾವಿಡ ವಿಮಾನಗಳೂ (ಗರ್ಭಗುಡಿಯ ಮೇಲಿನ ಗೋಪುರಗಳು) ಅಕ್ಕಪಕ್ಕದಲ್ಲಿ ನಿಂತಿವೆ. ಗಳಗನಾಥದ ಶಿಖರವನ್ನು ನೋಡಿ ಕೆಲವೇ ಹೆಜ್ಜೆ ನಡೆದರೆ ವಿಜಯಾದಿತ್ಯ ಕಟ್ಟಿಸಿದ ಸಂಗಮೇಶ್ವರ, ಅದರಾಚೆ ಮಲ್ಲಿಕಾರ್ಜುನ ಮತ್ತು ವಿರೂಪಾಕ್ಷ. ಈ ಕೊನೆಯ ಎರಡನ್ನು ಕಟ್ಟಿಸಿದವರು ಎರಡನೆಯ ವಿಕ್ರಮಾದಿತ್ಯನ ರಾಣಿಯರಾದ ಅಕ್ಕತಂಗಿಯರು, ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿ. ವಿರೂಪಾಕ್ಷ ಗುಡಿಗೆ ಲೋಕಮಹಾದೇವಿಯ ಹೆಸರಿನಿಂದಲೇ ಲೋಕೇಶ್ವರ ಎಂಬ ಹೆಸರಿತ್ತು. ಗಂಡ ಪಲ್ಲವರ ಕಂಚಿಯನ್ನು ಗೆದ್ದುದರ ನೆನಪಿಗೆ ಆಕೆ ಇದನ್ನು ಕಟ್ಟಿಸಿದಳೆಂದು ಶಾಸನ ಹೇಳುತ್ತದೆ. ಕಟ್ಟಿದ ಸೂತ್ರಧಾರಿ, ಅಂದರೆ ಮುಖ್ಯ ಶಿಲ್ಪಿ, ಗುಂಡ ಅನಿವಾರಿತಾಚಾರಿಯ ಹೆಸರನ್ನೂ ಅವನಿಗೆ ದೊರೆತ ಬಿರುದನ್ನೂ ಕಲ್ಲಿನಲ್ಲಿ ಬರೆಸಿದ್ದಾರೆ.

ಇಲ್ಲಿ ಗೆಳತಿ ನೆನಪಿಸಿದ ಒಂದು ಸಂಗತಿ ನಮ್ಮ ಆ ದಿನದ ಮಾತುಕತೆಯನ್ನೆಲ್ಲ ಆವರಿಸಿತು. ಕಂಚಿಯ ಕೈಲಾಸನಾಥ ದೇವಾಲಯದ ಕಂಬವೊಂದರ ಮೇಲೆ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ. ಊರನ್ನು ಗೆದ್ದ ರಾಜ ಆ ಗುಡಿಯ ಸಂಪತ್ತನ್ನು ನೋಡಿ ಅದನ್ನು ಹೊತ್ತೊಯ್ಯದೆ ದೇವರಿಗೇ ಮರಳಿ ಬಿಟ್ಟನೆಂದು ಅದು ಹೇಳುತ್ತದೆ. ಅದಕ್ಕೆ ಸುಮಾರು ನೂರು ವರ್ಷ ಮೊದಲು, 642ರಲ್ಲಿ, ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದಿದ್ದ. ಹಿಂದಿನ ದಿನ ನಾವು ನಡೆದಾಡಿದ ಊರು ಅದೇ. ಆ ಸೋಲಿನ ನೆನಪು ಇಟ್ಟುಕೊಂಡೂ ಎದುರಾಳಿಯ ಗುಡಿಯನ್ನು ಉಳಿಸಿದ ರಾಜನ ನಡೆ ದೊಡ್ಡದೆಂದು ಗೆಳತಿ ವಾದಿಸಿದಳು. ಗೆದ್ದವನು ತಾನೇ ಬರೆಸಿದ ಮಾತನ್ನು ಎಚ್ಚರದಿಂದ ಓದಬೇಕೆಂದು ನರಗುಂದದವನು ಉತ್ತರಿಸಿದ. ಆದರೆ ಕೈಲಾಸನಾಥ ಇಂದಿಗೂ ಕಂಚಿಯಲ್ಲಿ ನಿಂತಿದೆ, ವಿರೂಪಾಕ್ಷದ ವಿಮಾನದಲ್ಲಿ ಆ ಪಲ್ಲವ ಕಟ್ಟಡಗಳ ಛಾಯೆಯಿದೆ ಎಂಬುದನ್ನು ಇಬ್ಬರೂ ಒಪ್ಪಿದರು. ನನ್ನ ಮಟ್ಟಿಗೆ ಈ ಪ್ರವಾಸದಲ್ಲಿ ನೋಡಿದ್ದರಲ್ಲೆಲ್ಲ ಮೇಲಾದುದು ವಿರೂಪಾಕ್ಷವೇ. ಒಳಗಿನ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಪ್ರಸಂಗಗಳು ಪಟ್ಟಿಪಟ್ಟಿಯಾಗಿವೆ. ಗರ್ಭಗುಡಿಯಲ್ಲಿ ಇನ್ನೂ ಪೂಜೆ ನಡೆಯುತ್ತದೆ.

ಗುಡಿಯ ಪೂರ್ವದ ಬಾಗಿಲಿನಿಂದ ಹೊರಬಂದರೆ ನದಿ. ಮಲಪ್ರಭೆ ಇಲ್ಲಿ ಉತ್ತರಕ್ಕೆ ಹರಿಯುತ್ತದೆ, ಉತ್ತರವಾಹಿನಿಯಾದ್ದರಿಂದಲೇ ಈ ಸ್ಥಳ ಪವಿತ್ರವೆಂದು ಎಣಿಕೆ. 2019ರ ಪ್ರವಾಹದಲ್ಲಿ ಈ ಗುಡಿಗಳ ಆವರಣವೆಲ್ಲ ನೀರಿನಲ್ಲಿ ನಿಂತಿತ್ತು. ಮೆಟ್ಟಿಲಿನಲ್ಲಿ ಕುಳಿತು ಅಷ್ಟು ಎತ್ತರಕ್ಕೆ ನೀರು ಏರಿದ್ದನ್ನು ಊಹಿಸುತ್ತಿರುವಾಗ ಮೊದಲ ಪ್ರವಾಸಿ ಬಸ್ಸುಗಳು ಬಂದು ನಿಂತವು, ನಾವು ಐಹೊಳೆಗೆ ಹೊರಟೆವು.

ಐಹೊಳೆಯಲ್ಲಿ ದುರ್ಗ ಗುಡಿಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಹಿಂಬದಿ ಆನೆಯ ಬೆನ್ನಿನಂತೆ ದುಂಡಾದ ಆ ಕಟ್ಟಡದ ಪ್ರದಕ್ಷಿಣಾ ಪಥದಲ್ಲಿ ಒಂದು ಸುತ್ತು ಬಂದು, ಲಾಡಖಾನ್ ಗುಡಿಯ ಇಳಿಜಾರು ಛಾವಣಿ ನೋಡಿಕೊಂಡು ನೇರವಾಗಿ ಮೇಗುಟಿಯ ಗುಡ್ಡ ಹತ್ತಿದೆವು. ಕವಿ ರವಿಕೀರ್ತಿ 634ರಲ್ಲಿ ಕಟ್ಟಿಸಿದ ಈ ಜಿನಾಲಯದ ಗೋಡೆಯಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳುವ ಪ್ರಶಸ್ತಿ ಶಾಸನವಿದೆ. ಹರ್ಷವರ್ಧನನ ಸೋಲಿನ ವಿಷಯವಿರುವುದು ಇದರಲ್ಲೇ, ಕಾಳಿದಾಸ ಭಾರವಿಯರಿಗೆ ಸಮನಾದ ಕೀರ್ತಿ ತನ್ನದೆಂದು ಕವಿ ಹೇಳಿಕೊಂಡಿರುವುದೂ ಇದರಲ್ಲೇ. ಗುಡ್ಡದ ಮೇಲೆ ಇವೆಲ್ಲಕ್ಕಿಂತ ಹಳೆಯವಾದ ಶಿಲಾಗೋರಿಗಳೂ ಇವೆ. ಅಲ್ಲಿಂದ ನೋಡಿದರೆ ಊರು, ಗುಡಿಗಳು, ಹೊಲ, ನದಿಯ ತಿರುವು ಎಲ್ಲ ಒಟ್ಟಿಗೆ ಕಾಣುತ್ತವೆ. ಗೆಳೆಯ ಹೇಳಿದ ಒಂದೇ ಕಣಿವೆ ನಮಗೆ ಕಣ್ಣಿಗೆ ಕಂಡದ್ದು ಇಲ್ಲಿ.

ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಸಂಜೆಗೆ ಕೂಡಲಸಂಗಮ ತಲುಪಿದೆವು. ನಾರಾಯಣಪುರ ಜಲಾಶಯದ ಹಿನ್ನೀರಿನಿಂದಾಗಿ ಇಲ್ಲಿ ಮಲಪ್ರಭೆ ಮತ್ತು ಕೃಷ್ಣೆ ಸೇರುವ ಗೆರೆ ಗುರುತಿಸಲು ಬಾರದಷ್ಟು ವಿಶಾಲವಾದ ನೀರು ಹರಡಿದೆ. ಬಸವಣ್ಣನವರ ಐಕ್ಯಮಂಟಪವನ್ನು ಆ ನೀರಿನಿಂದ ಉಳಿಸಲು ಸುತ್ತ ಬಾವಿಯಂತೆ ಗೋಡೆ ಎತ್ತಿದ್ದಾರೆ. ಮೆಟ್ಟಿಲಿಳಿದು ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ ದರ್ಶನ ಮಾಡಬೇಕು. ರಜೆಯ ಜನ ಇಲ್ಲಿಯೂ ಇದ್ದರು, ಆದರೆ ಅವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬುತ್ತಿ ಕಟ್ಟಿಕೊಂಡು ಬಂದ ಕುಟುಂಬದವರು. ಇಬ್ಬರು ಮುದುಕಿಯರು ನಮ್ಮನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಶೇಂಗಾ ಹೋಳಿಗೆ ಕೊಟ್ಟರು, ನಾವು ಕರದಂಟು ಕೊಟ್ಟೆವು. ಆ ರಾತ್ರಿ ಸಂಗಮದಲ್ಲೇ ತಂಗಿ ಭಾನುವಾರ ಬಾಗಲಕೋಟೆ, ಕೆರೂರು ಮಾರ್ಗವಾಗಿ ಧಾರವಾಡಕ್ಕೆ ಮರಳಿದೆವು.

ಸಾಲು ರಜೆಯಲ್ಲಿ ಈ ಹಾದಿ ಹಿಡಿಯುವವರು ಪಟ್ಟದಕಲ್ಲನ್ನು ಬೆಳಗಿನ ಮೊದಲ ಹೊತ್ತಿಗೆ ಇಟ್ಟುಕೊಳ್ಳಬೇಕು, ವಸತಿಯನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಬೇಕು. ಬಾದಾಮಿಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ತಟ್ಟುಕೋಟೆಯ ಶಾಸನಕ್ಕೆ ಹೋಗುವ ದಾರಿಯನ್ನು ಭೂತನಾಥ ಗುಡಿಯ ಬಳಿ ಯಾರನ್ನು ಕೇಳಿದರೂ ತೋರಿಸುತ್ತಾರೆ; ಹೋಗುವಾಗ ಆ ತ್ರಿಪದಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಬಂಡೆಯ ಮೇಲಿನ ಅಕ್ಷರಗಳ ಜೊತೆ ಹೋಲಿಸಿ ಓದಬಹುದು.