ಟಿ.ಎ.ಎಸ್. ಮಣಿಯವರ ಲಯಪಯಣ: ಟಿಪ್ಪಣಿ ಪುಸ್ತಕ ಎಲ್ಲಿಗೆ ಬಂದಿದೆ

ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರ ಧ್ವನಿಮುದ್ರಿಕೆಗಳನ್ನು ಕಾಲಕ್ರಮದಲ್ಲಿ ಕೇಳುತ್ತ, ಅವುಗಳ ಲಯವಿನ್ಯಾಸವನ್ನು ಸೊಲ್ಲುಗಳಲ್ಲಿ, ಅಂದರೆ ತಾಳವಾದ್ಯದ ಹೊಡೆತಗಳನ್ನು ಸೂಚಿಸುವ ನುಡಿಗಳಲ್ಲಿ, ಬರೆದಿಡುವ ನನ್ನ ಹವ್ಯಾಸದ ಕೆಲಸ ಈಗ ಒಂದು ಹಂತಕ್ಕೆ ಬಂದಿದೆ. ಅವರ ವೃತ್ತಿಜೀವನದ ಕಾಲಾನುಕ್ರಮಣಿಕೆ ಬಹುಮಟ್ಟಿಗೆ ಸಿದ್ಧವಾಗಿದೆ. ಸೊಲ್ಲುಗಳ ಬರವಣಿಗೆ ಮಾತ್ರ ನಿಧಾನವಾಗಿ ಸಾಗುತ್ತಿದೆ.

ಅನುಕ್ರಮಣಿಕೆಯನ್ನು ಅವರ ಕಛೇರಿಗಳಿಂದಲ್ಲದೆ 1964ರಿಂದ ಆರಂಭಿಸಿದ್ದೇನೆ. ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ಸಂಸ್ಥೆಯನ್ನು ಅವರು ಕಟ್ಟಿದ್ದು ಆ ವರ್ಷ. ಗಾಯನಕ್ಕೆ, ವೀಣೆಗೆ, ಪಿಟೀಲಿಗೆ ಶಾಲೆಗಳಿರುವುದು ಸಹಜವೆಂದು ತೋರುತ್ತಿದ್ದ ಕಾಲದಲ್ಲಿ, ಪಕ್ಕವಾದ್ಯವೆಂದು ಕರೆಸಿಕೊಳ್ಳುವ ತಾಳವಾದ್ಯಗಳನ್ನೇ ಕೇಂದ್ರದಲ್ಲಿರಿಸಿ ಶಾಲೆಯೊಂದನ್ನು ತೆರೆದದ್ದು ಸಣ್ಣ ನಿರ್ಧಾರವಲ್ಲ. ಅವರ ಮುಂದಿನ ಕೆಲಸವೆಲ್ಲ ಈ ನಿರ್ಧಾರದಿಂದಲೇ ಹೊರಟಿತೆಂಬುದು, ಕೇಳುತ್ತ ಬರೆಯುತ್ತ ನನಗೆ ದೃಢವಾಗುತ್ತ ಬಂದಿರುವ ಅಭಿಪ್ರಾಯ.

ಕಛೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ಭಾಗವಾದ ತನಿ ಆವರ್ತನದಲ್ಲಿ ಮೃದಂಗ, ಘಟ, ಖಂಜಿರಗಳು ಸರದಿಯ ಮೇಲೆ ನುಡಿಸಿ, ಕೊನೆಗೆ ಮೋರಾ ಮತ್ತು ಮುಕ್ತಾಯ ಎಂಬ ಸಮಾಪ್ತಿಯ ಲಯರಚನೆಗಳಿಗೆ ಒಂದಾಗುತ್ತವೆ. ಅಲ್ಲಿ ನುಡಿಯುವ ಬಹುಪಾಲು ಆ ಹೊತ್ತಿನ ಮನೋಧರ್ಮಕ್ಕೆ, ಅಂದರೆ ಸ್ಥಳದಲ್ಲೇ ಹುಟ್ಟುವ ಕಲ್ಪನೆಗೆ ಸೇರಿದ್ದು. ಆದರೆ ಬೇರೆ ಬೇರೆ ಹಂತದ ವಿದ್ಯಾರ್ಥಿಗಳನ್ನು ಕೂಡಿಸಿ ತಾಳವಾದ್ಯಗಳ ವೃಂದವನ್ನು ವೇದಿಕೆಗೆ ತರಬೇಕಾದರೆ ಮನೋಧರ್ಮವೊಂದನ್ನೇ ನಂಬಿ ಕೂರಲಾಗದು. ಯಾರು ಎಲ್ಲಿ ನಿಲ್ಲಬೇಕು, ಎಲ್ಲಿ ಎಲ್ಲರೂ ಒಟ್ಟಿಗೆ ಹಿಡಿಯಬೇಕು, ಯಾವ ನಡೆಯಿಂದ (ಎಣಿಕೆಯೊಂದನ್ನು ಮಾತ್ರೆಗಳಾಗಿ ಒಡೆಯುವ ಬಗೆಯಿಂದ) ಯಾವ ನಡೆಗೆ ಹೊರಳಬೇಕು ಎಂಬುದು ಮೊದಲೇ ಗೊತ್ತಾಗಿರಬೇಕು. ಹಾಗೆ ಗೊತ್ತುಮಾಡುವುದೇ ರಚನೆ. ಕಾಲೇಜಿನ ತಾಳ ತರಂಗಿಣಿ ವೃಂದವನ್ನು ಈ ದೃಷ್ಟಿಯಿಂದ ಕೇಳಿದಾಗ, ಮಣಿಯವರೊಳಗಿನ ರಚನಕಾರನನ್ನು ಬೆಳೆಸಿದವನು ಅವರೊಳಗಿನ ಮೇಷ್ಟ್ರೇ ಎಂದು ನನಗೆ ಅನ್ನಿಸುತ್ತದೆ.

ಇದನ್ನು ಸಾಧ್ಯವಾಗಿಸುವುದು ಕೊನ್ನಕ್ಕೋಲು, ಅಂದರೆ ಸೊಲ್ಲುಗಳನ್ನು ತಾಳಕ್ಕೆ ಸರಿಯಾಗಿ ಬಾಯಿಂದಲೇ ಹೇಳುವ ಕಲೆ. ಮೃದಂಗಕ್ಕೆ ಎರಡು ಮುಖ. ಬಲಕ್ಕೆ ಕರಣೆ ಎಂಬ ಕಪ್ಪು ಲೇಪ, ಎಡಕ್ಕೆ ನುಡಿಸುವ ಮುನ್ನ ಹಚ್ಚುವ ರವೆಯ ಮುದ್ದೆ. ಖಂಜಿರದಲ್ಲಿ ಒಂದು ಕೈ ವಾದ್ಯವನ್ನು ಹಿಡಿದು ಚರ್ಮವನ್ನು ಒತ್ತುತ್ತ ನಾದವನ್ನು ಏರಿಳಿಸಿದರೆ, ಸೊಲ್ಲುಗಳೆಲ್ಲ ಇನ್ನೊಂದೇ ಕೈಯಿಂದ ಹೊರಡಬೇಕು. ಘಟದಲ್ಲಿ ಚರ್ಮವೇ ಇಲ್ಲ. ಬೆರಳುಗಾರಿಕೆ ಇಷ್ಟು ಭಿನ್ನವಾಗಿರುವಾಗ ಮೂವರೂ ಒಂದೇ ಪಾಠವನ್ನು ಕಲಿಯುವುದು ಬಾಯಿಂದ ಹೇಳುವ ಸೊಲ್ಲಿನ ಮೂಲಕವೇ. ಆದ್ದರಿಂದ ನನ್ನ ಪುಸ್ತಕದಲ್ಲೂ ವಾದ್ಯದ ಬೆರಳುಗಾರಿಕೆಯನ್ನು ಬದಿಗಿಟ್ಟು ಸೊಲ್ಲು ಮತ್ತು ಮಾತ್ರೆಗಳನ್ನಷ್ಟೇ ಬರೆಯುತ್ತಿದ್ದೇನೆ.

ಬರೆಯುವ ಕ್ರಮವನ್ನು ಸ್ಥಿರಪಡಿಸಿಕೊಳ್ಳಲು, ಎಲ್ಲರೂ ಬಲ್ಲ ಒಂದು ಸರಳ ಮುಕ್ತಾಯವನ್ನು ಮೊದಲ ಪುಟದಲ್ಲಿ ಇಟ್ಟಿದ್ದೇನೆ. ಆದಿತಾಳದ ಎಂಟು ಅಕ್ಷರಗಳಿಗೆ (ಎಣಿಕೆಗಳಿಗೆ) ಚತುರಶ್ರ ನಡೆಯಲ್ಲಿ, ಅಂದರೆ ಅಕ್ಷರಕ್ಕೆ ನಾಲ್ಕರಂತೆ, 32 ಮಾತ್ರೆ. ‘ತದಿಗಿಣತೊಂ’ ಎಂಬ ಐದು ಮಾತ್ರೆಯ ಸೊಲ್ಲನ್ನು ಮೂರು ಸಲ ಹೇಳಿ, ನಡುನಡುವೆ ಎರಡೆರಡು ಮಾತ್ರೆಯ ಕಾರ್ವೆ (ನಿಲುಗಡೆ) ಬಿಟ್ಟರೆ ಒಟ್ಟು 19 ಆಗುತ್ತದೆ. ಅದು ಮುಂದಿನ ಆವರ್ತದ (ತಾಳದ ಸುತ್ತಿನ) ಸಮಕ್ಕೆ, ಅಂದರೆ ಮೊದಲ ಎಣಿಕೆಗೆ, ಸರಿಯಾಗಿ ಬಂದು ಕೂರಬೇಕಾದರೆ 13 ಮಾತ್ರೆ ಕಳೆದ ಮೇಲೆ, ಅಂದರೆ ಲಘುವಿನಲ್ಲಿ (ಒಂದು ತಟ್ಟು, ಮೂರು ಬೆರಳೆಣಿಕೆಗಳ ತಾಳಭಾಗದಲ್ಲಿ) ಮಧ್ಯದ ಬೆರಳಿನ ಎಣಿಕೆಯ ಎರಡನೆಯ ಮಾತ್ರೆಯಿಂದ ಎತ್ತಬೇಕು. ಕಾಗದದ ಮೇಲೆ ಇದು ಸಲೀಸಾದ ಲೆಕ್ಕ. ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಹೇಳುವಾಗ ಆ ಒಂದು ಮಾತ್ರೆಯ ತಡವನ್ನು ಮೈಗೂಡಿಸಿಕೊಳ್ಳುವುದೇ ನಿಜವಾದ ಅಭ್ಯಾಸ. ವಾದ್ಯ ಹಿಡಿಯದವರೂ ಇದನ್ನು ಮಾಡಿ ನೋಡಬಹುದು, ಮಾಡಿ ನೋಡಬೇಕು.

ಅನುಕ್ರಮಣಿಕೆಯ ವಿದೇಶ ಭಾಗ ಹೆಚ್ಚು ತುಂಬಿದೆ. ಜರ್ಮನಿಯ ಎಂಬ್ರಿಯೊ ಎಂಬ ಜಾಝ್-ರಾಕ್ ತಂಡದೊಂದಿಗೆ, ಬಳಿಕ ಆ ತಂಡದಿಂದ ಹೊರಬಂದವರು ಕಟ್ಟಿದ ಡಿಸಿಡೆಂಟನ್ ತಂಡದೊಂದಿಗೆ ಕಾಲೇಜಿನ ಕಲಾವಿದರು ನುಡಿಸಿದರು. ಬಾಸ್ಟನ್ ಮೂಲದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಂದಿಗಿನ ‘ಜ್ಯೋತಿ’ 1983ರಲ್ಲಿ ಮ್ಯೂನಿಕ್‌ನ ಇಸಿಎಂ ಎಂಬ ಧ್ವನಿಮುದ್ರಣ ಸಂಸ್ಥೆಯಿಂದ ಧ್ವನಿಮುದ್ರಿತವಾಯಿತು. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್ (ಬಾಯಲ್ಲಿ ಹಿಡಿದು ಮೀಟುವ ವಾದ್ಯ), ಟಿ.ಎನ್. ಶಶಿಕುಮಾರ್ ಅವರ ಖಂಜಿರ ಅದರಲ್ಲಿವೆ. ಮಣಿಯವರ ಪತ್ನಿ ಆರ್.ಎ. ರಮಾಮಣಿಯವರ ಗಾಯನವೇ ಅದರ ಜೀವ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಈ ಸಂಸ್ಥೆಯ ಸಂಗೀತದ ಬಗ್ಗೆ ಬರೆಯುವಾಗ ರಮಾಮಣಿಯವರನ್ನು ಕೇವಲ ಗಾಯಕಿಯೆಂದು ಉಲ್ಲೇಖಿಸಿ ಮುಂದೆ ಸಾಗುವುದು ಅನ್ಯಾಯ. ರಾಗ ಮತ್ತು ತಾಳಗಳೆರಡನ್ನೂ ಬಲ್ಲ ರಚನಕಾರ್ತಿಯಾಗಿ, ಗುರುವಾಗಿ ಅವರ ಪಾಲು ಇದರಲ್ಲಿ ಬಹಳ ದೊಡ್ಡದು. ಆ ಕಾರಣಕ್ಕೆ ಅನುಕ್ರಮಣಿಕೆಯಲ್ಲಿ ಅವರ ಕೆಲಸಕ್ಕೆ ಪ್ರತ್ಯೇಕ ಅಂಕಣವನ್ನು ಸೇರಿಸಿದ್ದೇನೆ.

‘ಜ್ಯೋತಿ’ಯನ್ನು ಕೇಳುವಾಗ ನಾನು ಗುರುತು ಹಾಕಿಕೊಳ್ಳುತ್ತಿರುವುದು ಸ್ಯಾಕ್ಸೊಫೋನಿನ ಎತ್ತುಗಡೆಗಳನ್ನು, ಅಂದರೆ ಅದು ತಾಳದ ಯಾವ ಜಾಗದಿಂದ ಹೊರಡುತ್ತದೆ ಎಂಬುದನ್ನು. ತಾಳದ ಚೌಕಟ್ಟನ್ನು ಅತಿಥಿಗಾಗಿ ಸಡಿಲಿಸದೆ, ಅತಿಥಿಯೇ ಅದರೊಳಗೆ ನಿರಾಳವಾಗಿ ಉಸಿರಾಡುವಂತೆ ಮಾಡಿರುವುದು ನನಗೆ ಬಹಳ ಮೆಚ್ಚುಗೆಯಾದ ಗುಣ. ಹೊರಗಿನವರೊಂದಿಗೆ ಸೇರಿ ನುಡಿಸುವ ಎಷ್ಟೋ ಪ್ರಯತ್ನಗಳಲ್ಲಿ ನಮ್ಮ ಲಯ ಬರಿಯ ಅಲಂಕಾರವಾಗಿ ಉಳಿಯುತ್ತದೆ. ಇಲ್ಲಿ ಅದು ನೆಲಗಟ್ಟಾಗಿಯೇ ಉಳಿದಿದೆ.

ಮಣಿಯವರು 2020ರಲ್ಲಿ ತೀರಿಕೊಂಡರು. ಅವರ ಬೋಧನೆಯನ್ನು ಕುರಿತ ಪುಟಗಳು ಪುಸ್ತಕದಲ್ಲಿ ಇನ್ನೂ ತೆಳುವಾಗಿವೆ, ಏಕೆಂದರೆ ಪಾಠ ಧ್ವನಿಮುದ್ರಿಕೆಯಲ್ಲಿ ಸಿಗುವಂಥದ್ದಲ್ಲ. ಮುಂದಿನ ಹಂತದಲ್ಲಿ ‘ಜ್ಯೋತಿ’ಯ ಕೊನ್ನಕ್ಕೋಲು ಭಾಗಗಳನ್ನು ವೇಗ ತಗ್ಗಿಸಿ ಕೇಳಿ, ಆವರ್ತಕ್ಕೊಂದು ಸಾಲಿನಂತೆ ಬರೆದು ಮುಗಿಸಬೇಕಾಗಿದೆ. ಅದಾದ ಬಳಿಕ 1982ರ ‘ಜರ್ಮನಿಸ್ತಾನ್’ ಧ್ವನಿಮುದ್ರಿಕೆಯನ್ನು ಕೈಗೆತ್ತಿಕೊಂಡು, ಡಿಸಿಡೆಂಟನ್ ತಂಡದ ಡ್ರಮ್ಸ್ ಮತ್ತು ನಮ್ಮ ಮೃದಂಗ ಒಂದೇ ತಾಳವನ್ನು ಹೇಗೆ ಹಂಚಿಕೊಂಡಿವೆ ಎಂಬುದನ್ನು ಎರಡು ಸಾಲುಗಳಲ್ಲಿ ಅಕ್ಕಪಕ್ಕ ಬರೆಯಲಿದ್ದೇನೆ.